ಎಕೋದಲ್ಲಿ ಹೃದಯದ ಸುತ್ತ ಕೊಬ್ಬು 7 ಮಿ.ಮೀ. ಬಂದಿದೆ, ಅನುಭವ ಇದ್ದವರು ಹೇಳಿ

ತುಮಕೂರು_46: ಹೆಲ್ತ್ ಚೆಕಪ್‌ನಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ‘ಎಪಿಕಾರ್ಡಿಯಲ್ ಫ್ಯಾಟ್ 7 ಮಿ.ಮೀ.’ ಎಂದು ಬರೆದಿದ್ದಾರೆ. ತೂಕ 66 ಕೆ.ಜಿ., ಎದೆನೋವು ಇಲ್ಲ. ನಾಳಗಳ ಬ್ಲಾಕ್ ನೋಡುವ ಸಿ.ಟಿ. ಆಂಜಿಯೋ ಮಾಡಿಸಲೇ, ಬಿಡಲೇ?

ಹಾಸನ_ತೋಟ: ನನಗೂ ನೋವಿರಲಿಲ್ಲ. ನಾಳದಲ್ಲಿ ಸುಣ್ಣ ಎಷ್ಟು ಕಟ್ಟಿದೆ ಅಂತ ನೋಡುವ ಕ್ಯಾಲ್ಸಿಯಂ ಸ್ಕೋರ್ ಮಾತ್ರ ಮಾಡಿಸಿದೆ, ಸೊನ್ನೆ ಬಂತು. ಧೈರ್ಯವಾಗಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಗುಳಿಗೆ) ಬಿಟ್ಟೆ. ಸುಣ್ಣ ಕಟ್ಟದ ಮೆತ್ತನೆ ಪ್ಲಾಕ್ (ನಾಳದ ಗೋಡೆಯಲ್ಲಿ ಕೂಡುವ ಕೊಬ್ಬು) ಆ ಸ್ಕೋರಿನಲ್ಲಿ ಕಾಣುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಹದಿನಾಲ್ಕು ತಿಂಗಳಿಗೆ ಬೆಳಗಿನ ಜಾವ ಬೆವರು, ದವಡೆ ನೋವು. ಹೃದಯದ ಮುಂಭಾಗದ ಮುಖ್ಯ ನಾಳ ಎಲ್.ಎ.ಡಿ. 90 ಪರ್ಸೆಂಟ್ ಬ್ಲಾಕ್. ಬೆಂಗಳೂರಿಗೆ ಆಂಬುಲೆನ್ಸ್ 7,800. ಆಸ್ಪತ್ರೆ ಬಿಲ್ 3,12,400. 2017ರಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ಮಿತಿ ಹಾಕಿತು, ಸರಿ. ನನಗೆ ಹಾಕಿದ್ದು ಎರಡೇ, ಮಿಕ್ಕಿದ್ದೆಲ್ಲ ಎಲ್ಲಿಂದ ಬಂತು? ಇನ್ಶೂರೆನ್ಸ್ 2,31,000 ಕೊಟ್ಟಿತು. ಉಳಿದ 81,400ರಲ್ಲಿ ಗ್ಲೌಸು, ಹತ್ತಿ, ಸಿರಿಂಜಿಗೇ 23,650. ಮಗಳ ಪಿಯು ಫೀಸಿಗೆ ಇಟ್ಟ ದುಡ್ಡು ಅದು.

ಹುಬ್ಬಳ್ಳಿ_ಅಕ್ಕ: ಸ್ಕ್ಯಾನಿಗೆ ಓಡಬ್ಯಾಡ್ರಿ. ನಮ್ಮ ಮನ್ಯಾಗ ಇವರಿಗೆ ಎಂಟೂವರಿ ಮಿ.ಮೀ. ಇತ್ತು. ದಿನಾ ಮುಂಜಾನೆ 50 ನಿಮಿಷ ಜೋರ್ ನಡಿಗಿ, ರಾತ್ರಿ ಅನ್ನ ಬಂದ್, ಎರಡ ಜ್ವಾಳದ ರೊಟ್ಟಿ. ಮದುವಿ ಮನ್ಯಾಗ ಹೋಳಿಗಿ ಮುಟ್ಟಲಿಲ್ಲಂತ ನಮ್ಮ ಅತ್ತಿಯವರು ಮೂರು ತಿಂಗಳ ಮಾತಾಡ್ಲಿಲ್ಲ. ನಡುವ ಮೊಣಕಾಲು ಹಿಡದು ಇಪ್ಪತ್ತ ದಿನ ಮಲಗಿದ್ರು, ಮತ್ತ ಶುರು ಮಾಡಿದ್ರು. ಹನ್ನೊಂದ ತಿಂಗಳಿಗೆ ಸೊಂಟ 98ರಿಂದ 88, ಕೊಬ್ಬು ಐದೂವರಿ. ಗುಳಿಗಿ ಒಂದೂ ಇಲ್ಲ.

ಹಾಸನ_ತೋಟ: ‘ಗುಳಿಗೆ ಇಲ್ಲ’ ಅಂತ ಹೆಮ್ಮೆಯಿಂದ ಬರೀಬೇಡಿ ಮೇಡಂ. ಇಂಥ ಮಾತು ಕೇಳಿಯೇ ನಾನು ಬಿಟ್ಟದ್ದು.

ಹುಬ್ಬಳ್ಳಿ_ಅಕ್ಕ: ನಿಮಗ ಬಿಡ್ರಿ ಅಂತ ನಾ ಹೇಳೇನೇನ್ರಿ? ನಮ್ಮ ಡಾಕ್ಟ್ರು ಎಲ್.ಡಿ.ಎಲ್. (ಕೆಟ್ಟ ಕೊಲೆಸ್ಟ್ರಾಲ್) ನೋಡಿ ಗುಳಿಗಿ ಬ್ಯಾಡ ಅಂದಾರ.

ಎಕೋ_ರೂಮ್: ಇಪ್ಪತ್ತೆರಡು ವರ್ಷ ಎಕೋ ಮಾಡಿದವಳು ನಾನು. ಈ ಕೊಬ್ಬನ್ನು ಬಲ ಹೃತ್ಕುಕ್ಷಿಯ (ಹೃದಯದ ಬಲ ಕೆಳಕೋಣೆಯ) ಹೊರಗೋಡೆ ಮೇಲೆ ಅಳೆಯುತ್ತೇವೆ. ಕೋನ ಸ್ವಲ್ಪ ಓರೆಯಾದರೂ ಒಂದೆರಡು ಮಿ.ಮೀ. ವ್ಯತ್ಯಾಸ. ಒಂದೇ ಅಂಕಿ ಹಿಡಿದು ಹೆದರಬೇಡಿ, ತಳ್ಳಿಯೂ ಹಾಕಬೇಡಿ. ಹೃದಯಕ್ಕೇ ರಕ್ತ ಕೊಡುವ ಕೊರೋನರಿ ನಾಳಗಳು ಈ ಕೊಬ್ಬಿನೊಳಗೇ ಹರಿಯುತ್ತವೆ, ನಡುವೆ ತಡೆಪೊರೆ ಇಲ್ಲ. ಅದು ಹೆಚ್ಚಿ ಕೆಟ್ಟರೆ ಉರಿಯೂತದ ರಾಸಾಯನಿಕಗಳು ನೇರ ನಾಳದ ಗೋಡೆಗೆ. ಅದೇ ನಾಳ ಸ್ನಾಯುವಿನೊಳಗೆ ಮುಳುಗಿ ಸಾಗುವ ಕಡೆ, ಸುತ್ತ ಕೊಬ್ಬಿಲ್ಲದ ಆ ತುಂಡಿನಲ್ಲಿ, ಪ್ಲಾಕ್ ಅಪರೂಪ. ನನ್ನ ತಮ್ಮ 61 ಕೆ.ಜಿ. ಇದ್ದ. ‘ತೆಳ್ಳಗಿದ್ದೀಯಲ್ಲ’ ಅಂತ ನಾನೇ ಎಕೋಗೆ ಕರೆಯಲಿಲ್ಲ. 43ಕ್ಕೆ ಹೋದ. ಇಡೀ ಊರಿಗೆ ಮಾಡಿದ ಕೈ ಅವನಿಗೆ ಮಾಡಲಿಲ್ಲ.

ಪುತ್ತೂರು_ಅಡಿಕೆ: ಇದಕ್ಕೆಲ್ಲ ಕಾರಣ ರಿಫೈನ್ಡ್ ಎಣ್ಣೆ. ನಮ್ಮಲ್ಲಿ ಮೂರು ತಲೆಮಾರು ಗಾಣದ ತೆಂಗಿನೆಣ್ಣೆಯೇ. ಅಜ್ಜ 91 ಬದುಕಿದರು.

ಹುಬ್ಬಳ್ಳಿ_ಅಕ್ಕ: ತೆಂಗಿನೆಣ್ಣಿ ನೂರಕ್ಕ 90 ಭಾಗ ಕೊಲೆಸ್ಟ್ರಾಲ್ ಏರಿಸೋ ಸ್ಯಾಚುರೇಟೆಡ್ ಕೊಬ್ಬು ಅದರಿ. ಶೇಂಗಾ ಎಣ್ಣಿ ತಗೋರಿ, ಅದೂ ತಿಂಗಳಿಗೆ ತಲಿಗೆ ಅರ್ಧ ಲೀಟರ್.

ಪುತ್ತೂರು_ಅಡಿಕೆ: ಶೇಂಗಾ ಎಣ್ಣೆಗೆ ಏನು ಬೆರೆಸುತ್ತಾರೆಂದು ಗಾಣಕ್ಕೆ ಹೋಗಿ ನೋಡಿದ್ದೀರಾ? ನಮ್ಮ ಅಜ್ಜನ ಊಟಕ್ಕೆ ಹೆಸರಿಡಬೇಡಿ.

ಹಾಸನ_ತೋಟ: ಅಜ್ಜ ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದರು, ನೀವು ಎಷ್ಟು ಹತ್ತುತ್ತೀರಿ?

ತುಮಕೂರು_46: ಎಣ್ಣೆ ವಿಷಯ ಇರಲಿ. ಸೊಂಟ 94 ಸೆಂ.ಮೀ. ಅಪ್ಪನಿಗೆ 52ಕ್ಕೆ ಬೈಪಾಸ್ ಆಗಿತ್ತು, ಅದನ್ನು ಮೊದಲೇ ಬರೆಯಬೇಕಿತ್ತು.

ಎಕೋ_ರೂಮ್: ಇಷ್ಟು ಹೊತ್ತು ಅದನ್ನು ಬಿಟ್ಟಿದ್ದಿರಲ್ಲ! ನಮ್ಮವರಲ್ಲಿ ಗಂಡಸಿಗೆ ಸೊಂಟ 90 ದಾಟಿದರೇ ಹೆಚ್ಚು. ಇದೇ ವಾರ ಹೃದ್ರೋಗ ತಜ್ಞರ ಹತ್ತಿರ ಹೋಗಿ, ಅಪ್ಪನ ಫೈಲ್ ಕೈಯಲ್ಲಿರಲಿ.

ಪುತ್ತೂರು_ಅಡಿಕೆ: ಅಜ್ಜ 80ರವರೆಗೂ ಹತ್ತುತ್ತಿದ್ದರು. ನಾನು ಹತ್ತುವುದಿಲ್ಲ, ಹೌದು.