ಜಿಪಿಎಸ್ ಅಂದರೆ ಯಾವುದು? ‘ಬಲಕ್ಕೆ ತಿರುಗಿ’ ಅಂದರೆ ಮಾತು ಮುಗಿಯಿತಾ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಕೇಳಬೇಕಿದ್ದದ್ದು ಒಂದೇ ಪದ. ಅದರ ಬಾಲ ಹಿಡಿದು ಇನ್ನೂ ಮೂರ್ನಾಲ್ಕು ಬಂದವು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ಒಂದು ಹಳೆ ಕಾರು ಕೊಂಡೆ. ಅದರಲ್ಲಿ ಪರದೆ ಗಿರದೆ ಏನಿಲ್ಲ, ರೇಡಿಯೋ ಒಂದಿದೆ, ಅದೂ ತಗ್ಗಿನಲ್ಲಿ ಚಕ್ರ ಇಳಿದಾಗ ಮಾತ್ರ ಹಾಡುತ್ತದೆ. ದಾರಿ ತೋರಿಸುವ ಸಾಧನ ಒಂದು ಹಾಕಿಸೋಣ ಅಂತ ಮನಸ್ಸಾಯಿತು. ಫೋನ್ ಇದೆಯಲ್ಲ ಅನ್ನಬೇಡಿ. ಮ್ಯಾಪನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ ಅನ್ನುವುದು ನನಗೂ ಗೊತ್ತು. ಆದರೆ ನಮ್ಮ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಜಿನ ಹಿಂದೆ ಇಟ್ಟ ಫೋನ್ ಅರ್ಧ ಗಂಟೆಯಲ್ಲಿ ‘ಕಾದಿದ್ದೇನೆ, ಬಿಟ್ಟುಬಿಡಿ’ ಅನ್ನುತ್ತದೆ. ಮೇಲಾಗಿ ಸರಿಯಾಗಿ ಕವಲುದಾರಿ ಬಂದಾಗಲೇ ಯಾರಾದರೂ ಫೋನ್ ಮಾಡುತ್ತಾರೆ.

ಸೂಪರ್ ಮಾರ್ಕೆಟ್ ಹತ್ತಿರ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ “ಜಿಪಿಎಸ್ ಅದ ಏನ್ರಿ?” ಅಂದೆ. “ಅದ ಅಕ್ಕಾರ” ಅಂತ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಎರಡು ವೈರು ಹೊರಬಿಟ್ಟ ಕಪ್ಪು ಡಬ್ಬಿಯೊಂದನ್ನು ಕೈಗಿಟ್ಟ. ಹೊಳ್ಳಿಸಿ ಮಳ್ಳಿಸಿ ನೋಡಿದೆ. ಪರದೆಯೇ ಇಲ್ಲ.

“ಇದರಾಗ ಮ್ಯಾಪ್ ಎಲ್ಲದರಿ?”

“ಮ್ಯಾಪ್ ನಿಮ್ಮ ಮೊಬೈಲ್‌ನಾಗ ಬರ್ತದ. ಡ್ರೈವರ್ ಎಲ್ಲಿ ಹೋಗ್ಯಾನ, ಎಷ್ಟೊತ್ತು ನಿಂತಾನ, ಎಲ್ಲಾ ತೋರಸ್ತದ.”

“ಡ್ರೈವರ್ ನಾನೇ ರೀ.”

“ಹಂಗಿದ್ರ ಮನ್ಯಾಗಿನೋರಿಗೆ ಉಪಯೋಗ ಆಗ್ತದ” ಅಂದ. ನಗಲೂ ಇಲ್ಲ.

ಅವನದು ತಪ್ಪಲ್ಲ. ನಮ್ಮ ಕಡೆ ಲಾರಿ, ಟ್ಯಾಕ್ಸಿ ಇಟ್ಟವರು “ಜಿಪಿಎಸ್ ಹಾಕ್ಸೀನಿ” ಅಂದರೆ ಇದೇ. ಟ್ಯಾಕ್ಸಿ, ಬಸ್ಸಿನಂಥ ಬಾಡಿಗೆ ಗಾಡಿಗಳು ಹೊಸದಾಗಿ ನೋಂದಣಿ ಆಗಬೇಕಾದರೆ 2019ರಿಂದ ಇಂಥದ್ದು ಕಡ್ಡಾಯವಾಗಿದೆ. ಅಂಗಡಿಯ ವ್ಯಾಪಾರ ಜಾಸ್ತಿ ಅದರದ್ದೇ. ಅದೇ ಅಂಗಡಿಯಲ್ಲಿ ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೋವನ್ನೂ “ಜಿಪಿಎಸ್ ಸೆಟ್” ಅನ್ನುತ್ತಾರೆ. ನಾನು ಕೇಳಿದ್ದು, ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಐದಿಂಚು ಏಳಿಂಚಿನ ಗಾರ್ಮಿನ್, ಟಾಮ್‌ಟಾಮ್ ಥರದ್ದು, ಅದೂ ಜಿಪಿಎಸ್ಸೇ. ಮೂರು ಬೇರೆ ಬೇರೆ ವಸ್ತು, ಹೆಸರು ಒಂದೇ.

ನಿಜ ಹೇಳಬೇಕೆಂದರೆ ಜಿಪಿಎಸ್ ಅನ್ನುವುದು ಈ ಮೂರರ ಹೆಸರೂ ಅಲ್ಲ. ಅದು ಮೇಲಿರುವ ಅಮೆರಿಕದ ಉಪಗ್ರಹಗಳ ಏರ್ಪಾಡಿನ ಹೆಸರು, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕೆಳಗಿನ ಡಬ್ಬಿ ಸುಮ್ನೆ ಕಿವಿಗೊಟ್ಟು ಕೇಳುತ್ತದೆ, ಅಷ್ಟೇ. ಕಡಿಮೆ ಅಂದರೂ ನಾಲ್ಕು ಉಪಗ್ರಹಗಳ ದನಿ ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಆ ಉಪಗ್ರಹಗಳಿಗೆ ನಮ್ಮ ಕಾರು ಇರುವುದೂ ಗೊತ್ತಿಲ್ಲ. “ನೆಟ್ ಇಲ್ಲ, ಅದಕ್ಕೇ ಜಿಪಿಎಸ್ ಬರವಲ್ದು” ಅನ್ನುವವರಿದ್ದಾರಲ್ಲ, ಅದು ತಪ್ಪು, ನೆಟ್ ಬೇಕಾಗುವುದು ಮ್ಯಾಪ್ ತರಿಸಿಕೊಳ್ಳಲು. ಲಾರಿ ಮಾಲೀಕರ ಡಬ್ಬಿಯ ಕಥೆ ಬೇರೆ. ಅದು ತಾನು ಕೇಳಿಸಿಕೊಂಡದ್ದನ್ನು ಇನ್ನೊಬ್ಬರಿಗೆ ಹೋಗಿ ಹೇಳುತ್ತದೆ, ಚಾಡಿಕೋರನ ಹಾಗೆ. ಅದಕ್ಕೇ ಅದಕ್ಕೆ ಸಿಮ್ ಕಾರ್ಡ್ ಬೇಕು. ಅಂಗಡಿಯಲ್ಲಿ ನಾನು ಕೊನೆಗೆ ಕಂಡುಕೊಂಡ ದಾರಿ ಇದೇ: “ಸಿಮ್ ಬೇಡದ್ದು ಕೊಡ್ರಿ” ಅಂದೆ, ಆಗ ಅವನಿಗೆ ಅರ್ಥವಾಯಿತು.

ಈಗ ಮೊದಲ ಪ್ರಶ್ನೆ. ಇವೆರಡಕ್ಕೂ ಬೇರೆ ಬೇರೆ ಕನ್ನಡ ಹೆಸರು ಬೇಡವೇ?

ಚಾಡಿ ಹೇಳುವ ಡಬ್ಬಿಗೆ ನನಗೆ ಹೊಳೆದದ್ದು ‘ಪತ್ತೇದಾರ’. ಪತ್ತೆ ಹಚ್ಚುವವನು ಅನ್ನುವ ಅರ್ಥ ಎಲ್ಲರಿಗೂ ಗೊತ್ತು, ಮೇಲಾಗಿ ನಮ್ಮ ಕಡೆ ವಿಳಾಸಕ್ಕೂ ‘ಪತ್ತಾ’ ಅನ್ನುತ್ತಾರೆ. ನನ್ನ ತಮ್ಮ ಇದನ್ನು ಕೇಳಿ, ಹಾಗಾದರೆ ನಿನ್ನ ಡಬ್ಬಿಗೆ ‘ಪತ್ತೇ-ದಾರಿ’ ಅನ್ನು, ಅದರಲ್ಲಿ ದಾರಿಯೂ ಇದೆ ಅಂದ. ಅಲ್ಲಿರುವುದು ಜಮೀನ್ದಾರ, ಹವಾಲ್ದಾರದಲ್ಲಿರುವ ಪಾರಸಿ ‘ದಾರ’, ನಮ್ಮ ದಾರಿ ಅಲ್ಲ. ಆದರೂ ತಮಾಷೆಗೆ ಚೆನ್ನಾಗಿದೆ.

ದಾರಿ ತೋರುವುದಕ್ಕೆ ಮಾತ್ರ ಸರಿಯಾದದ್ದು ಸಿಗುತ್ತಿಲ್ಲ. ‘ಮಾರ್ಗಸೂಚಿ’ ಕೊರೊನಾ ಕಾಲದಲ್ಲೇ ಸವೆದುಹೋಯಿತು, ಈಗ ಅದು ಸರ್ಕಾರದ ಕಾಗದ. ‘ಮಾರ್ಗದರ್ಶಿ’ ಅಂದರೆ ಪಿಎಚ್‌ಡಿ ಗೈಡು ನೆನಪಾಗುತ್ತಾರೆ. ‘ಪಥದರ್ಶಕ’ನಿಗೆ ಕಾವಿ ಉಡಿಸಬೇಕು. ಇಸ್ರೋ ಕಟ್ಟಿದ ನಮ್ಮದೇ ಉಪಗ್ರಹಗಳ ಏರ್ಪಾಡಿಗೆ 2016ರಲ್ಲಿ ‘ನಾವಿಕ್’ ಅಂತ ಹೆಸರಿಟ್ಟರು. ಅದು ಇಂಗ್ಲಿಷ್ ಹೆಸರಿನ ತುಣುಕುಗಳನ್ನು ಕೂಡಿಸಿ ಮಾಡಿದ್ದಾದರೂ ಕಿವಿಗೆ ನಾವಿಕನೇ. ಸುಮ್ನೆ ಅಲ್ಲ, ನ್ಯಾವಿಗೇಶನ್ ಅನ್ನುವ ಮಾತಿನ ಬುಡದಲ್ಲಿರುವುದೂ ದೋಣಿಯೇ, ಲ್ಯಾಟಿನ್ನಿನ ನಾವಿಸ್ ನಮ್ಮ ನೌಕೆಯ ದೂರದ ನೆಂಟ. ಇಂಗ್ಲಿಷರೂ ಕಾರಿಗೆ ದೋಣಿಯ ಮಾತನ್ನೇ ಹಚ್ಚಿದ್ದಾರೆ ಅಂತಾಯಿತು. ಹಾಗಿದ್ದರೆ ಭೀಮಾ ದಂಡೆಯವರಾದ ನಾವು ಅಂಬಿಗ ಅನ್ನಬಹುದಲ್ಲ ಅಂತ ಒಂದು ದಿನವೆಲ್ಲ ಖುಷಿಯಲ್ಲಿದ್ದೆ. ಆಮೇಲೆ ನಾನೇ ಕೈಬಿಟ್ಟೆ. ಅಂಬಿಗ ನಮ್ಮನ್ನು ಒಯ್ಯುತ್ತಾನೆ. ಇದು ಒಯ್ಯುವುದಿಲ್ಲ, ಬರೀ ಹೇಳುತ್ತದೆ, ತಪ್ಪಿದರೆ ಒದ್ದಾಡುವವರು ನಾವು.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಯಾವುದನ್ನೇ ಕೊಂಡರೂ ಅದು ಕನ್ನಡದಲ್ಲಿ ಮಾತಾಡಬೇಕು ಅನ್ನುವುದು ನನ್ನ ಷರತ್ತು. ಅದನ್ನು ಪರೀಕ್ಷೆ ಮಾಡೋಣ ಅಂತ ಫೋನಿನಲ್ಲಿ ಕನ್ನಡ ದನಿ ಹಾಕಿಕೊಂಡು ಒಂದು ಭಾನುವಾರ ಬೀದರಿಗೆ ಹೊರಟೆ. ಪಕ್ಕದಲ್ಲಿ ನಮ್ಮ ಕಾಕಾ. ಕಾಕಾ ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು, ಹುಮನಾಬಾದ್ ರಸ್ತೆಯ ತಗ್ಗು ತಗ್ಗೂ ಅವರಿಗೆ ಬಾಯಿಪಾಠ.

ಗಾಡಿ ಚಾಲೂ ಮಾಡಿದ ಕೂಡಲೇ ದನಿ “ಈಶಾನ್ಯಕ್ಕೆ ಹೊರಡಿ” ಅಂದಿತು. ಕಾಕಾ ನನ್ನ ಮುಖ ನೋಡಿದರು. “ಈಶಾನ್ಯದಾಗೇ ಇದ್ದು ರಿಟೈರ್ ಆಗೀನಿ, ಹೊಳ್ಳಿ ಎಲ್ಲಿಗಿ ಹೊರಡ್ಲಿ?” ಗೊತ್ತಿಲ್ಲದವರಿಗೆ: ಈಗ ಕಲ್ಯಾಣ ಕರ್ನಾಟಕ ಸಾರಿಗೆ ಅನ್ನುವ ನಮ್ಮ ಬಸ್ ನಿಗಮಕ್ಕೆ 2021ರವರೆಗೆ ಈಶಾನ್ಯ ಕರ್ನಾಟಕ ಸಾರಿಗೆ ಅಂತ ಹೆಸರಿತ್ತು. ಉಳಿದವರಿಗೆ ಈಶಾನ್ಯ ಅಂದರೆ ದೇವರ ಕೋಣೆ. ಹಗಲು ಹನ್ನೆರಡಕ್ಕೆ ಗಲ್ಲಿಯಲ್ಲಿ ನಿಂತು ಈಶಾನ್ಯ ಹುಡುಕುವವರು ಯಾರೂ ಇಲ್ಲ.

ಮುಂದೆ “ಇನ್ನೂರು ಮೀಟರ್‌ನಲ್ಲಿ ಬಲಕ್ಕೆ ತಿರುಗಿ” ಅಂದಿತು. ಕಾಕಾ ಕಾದರು. ದನಿ ಸುಮ್ಮನಾಯಿತು.

“ತಿರುಗಿ... ಮುಂದ?”

“ಅಷ್ಟೇ ಕಾಕಾ.”

“ತಿರುಗಿ ಏನ್ ಮಾಡಬೇಕಂತ ಹೇಳವಲ್ದಲ್ಲ ಈ ಹುಡುಗಿ!”

ನಾನು ನಕ್ಕೆ. ಆದರೆ ಮನೆಗೆ ಬಂದು ಯೋಚಿಸಿದರೆ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಮರ್ಯಾದೆಯ ಮಾತಿಗೆ ‘ರಿ’ ಇರಲೇಬೇಕು, ಹೋಗ್ರಿ, ದಾಟ್ರಿ, ಹೊಳ್ರಿ. ಬೆಂಗಳೂರು ಮೈಸೂರಿನ ಕಡೆ ಬರೀ ‘ಇ’ ಸಾಕು, ಹೋಗಿ, ದಾಟಿ, ತಿರುಗಿ. ಆದರೆ ‘ಹೋಗಿ ಬಾ’, ‘ದಾಟಿ ನಿಲ್ಲು’ ಅನ್ನುವಾಗ ಬರುವ ಅರ್ಧ ಮಾತಿನ ರೂಪವೂ ಅದೇ. ಎಲ್ಲ ಕ್ರಿಯಾಪದಕ್ಕೂ ಈ ಗೊಂದಲ ಇಲ್ಲ. ‘ಬನ್ನಿ’ಗೂ ‘ಬಂದು’ಗೂ ಬೇರೆ ರೂಪ, ‘ಹೊರಡಿ’ಗೂ ‘ಹೊರಟು’ಗೂ ಬೇರೆ ರೂಪ, ‘ನಿಲ್ಲಿ’ಗೆ ‘ನಿಂತು’. ಆದರೆ ದಾರಿ ಹೇಳಲು ಬೇಕಾಗುವ ಮಾತುಗಳನ್ನು ನೋಡಿ: ಹೋಗಿ, ಸಾಗಿ, ದಾಟಿ, ತಿರುಗಿ. ಎಲ್ಲವೂ ಎರಡೂ ಕಡೆ ಒಂದೇ! ಮನುಷ್ಯರು ಹೇಳುವಾಗ ದನಿಯ ಇಳಿತದಲ್ಲಿ ಮಾತು ಮುಗಿಯಿತು ಅಂತ ತಿಳಿಯುತ್ತದೆ. ಯಂತ್ರಕ್ಕೆ ಆ ಇಳಿತ ಸರಿಯಾಗಿ ಬರುವುದಿಲ್ಲ. ಹಾಗಾಗಿ ಉತ್ತರದ ಕಿವಿಗೆ ಅದು ಯಾವಾಗಲೂ ಬಾಗಿಲಲ್ಲಿ ಒಂದು ಕಾಲಿಟ್ಟು ನಿಂತ ಮಾತು.

‘ತಿರುಗಿರಿ’ ಅಂದರೆ ಇಬ್ಬರಿಗೂ ತಿಳಿಯುತ್ತದೆ. ಸ್ವಲ್ಪ ಶಾಲೆಯ ಪಾಠದ ವಾಸನೆ, ಆದರೂ ನಡೆದೀತು. ನಿಮಗೇನನ್ನಿಸುತ್ತದೆ?

ನನ್ನ ಓಟು ಮಾತ್ರ ‘ಹೊಳ್ಳು’ಗೆ. ಇದು ‘ಹೊರಳು’ವಿನದೇ ಇನ್ನೊಂದು ರೂಪ. ಕೊರಳು ನಮ್ಮಲ್ಲಿ ಕೊಳ್ಳು, ಕರುಳು ಕಳ್ಳು, ಮರಳಿ ಮಳ್ಳಿ, ಹಾಗೇ ಹೊರಳು ಹೊಳ್ಳು. ಕೆಲಸವೂ ಎಷ್ಟು ಮಾಡುತ್ತದೆ ನೋಡಿ. “ಎಡಕ್ಕ ಹೊಳ್ರಿ” ಅಂದರೆ ತಿರುವು. “ಗಾಡಿ ಹೊಳ್ಳಸ್ರಿ” ಅಂದರೆ ಪೂರ್ತಿ ಉಲ್ಟಾ, ಯು ಟರ್ನ್ ಅನ್ನುವ ಇಂಗ್ಲಿಷ್ ಅಕ್ಷರದ ಹಂಗೇ ಬೇಡ. “ಹೊಳ್ಳಿ ಹೇಳು” ಅಂದರೆ ಮತ್ತೊಮ್ಮೆ ಹೇಳು. ದಾರಿ ತಪ್ಪಿದಾಗ ಯಂತ್ರ “ಮರು ಲೆಕ್ಕಾಚಾರ” ಅಂತ ಲೆಕ್ಕದ ಮೇಷ್ಟ್ರಾಗುವ ಬದಲು “ಹಾದಿ ತಪ್ಪೀರಿ, ಹೊಳ್ಳಿ ನೋಡ್ತೀನಿ ತಡೀರಿ” ಅಂದರೆ ಎಷ್ಟು ಚೆಂದ. ಮೈಸೂರಿನ ಗೆಳತಿಗೆ ಇದನ್ನು ಹೇಳಿದೆ. ಅವಳು ನಕ್ಕು ನಕ್ಕು, “ನಮಗೆ ಹೊರಳು ಅಂದರೆ ಹಾಸಿಗೆಯಲ್ಲಿ ಹೊರಳೋದು ಕಣೇ, ಎಡಕ್ಕೆ ಹೊರಳಿ ಅಂದರೆ ಕಾರು ಪಲ್ಟಿ ಹೊಡೆಸು ಅಂದ ಹಾಗಿರುತ್ತೆ” ಅಂದಳು. ಅದೂ ನಿಜ. ಎಲ್ಲರಿಗೂ ಒಂದೇ ದನಿ ಯಾಕೆ ಬೇಕು ಅನ್ನುವುದು ನನ್ನ ವಾದ. ಇಂಗ್ಲಿಷಿಗೆ ಬ್ರಿಟನ್ನಿನದು, ಅಮೆರಿಕದ್ದು, ಆಸ್ಟ್ರೇಲಿಯಾದ್ದು ಅಂತ ಬೇರೆ ಬೇರೆ ದನಿ ಇರುವಾಗ ನಮಗೆ ಕಲಬುರಗಿಯದೊಂದು, ಮಂಗಳೂರಿನದೊಂದು ಇದ್ದರೆ ಏನು ಭಾರ?

ಇನ್ನೊಂದು ಮಾತು ‘ಖೂನ’. ಕಾಕಾ ದಾರಿ ಹೇಳುವುದೇ ಖೂನದ ಮೇಲೆ. “ಹುಣಸಿ ಗಿಡದ ಬಾಜೂಕ ಹೊಳ್ಳು.” ಆ ಗಿಡ ಕಡಿದು ಹತ್ತು ವರ್ಷವಾಗಿರಬಹುದು, ಖೂನ ಮಾತ್ರ ಹಾಗೇ ಇದೆ. ಮೀಟರು ಫರ್ಲಾಂಗು ಅವರಿಗೆ ಲೆಕ್ಕಕ್ಕಿಲ್ಲ. ಇದು ಮರಾಠಿಯ ಖೂಣ್, ಗುರುತು ಅಂತ ಅರ್ಥ, ರಕ್ತದ ಖೂನ್‌ಗೂ ಕೊಲೆಯ ಖೂನಿಗೂ ಸಂಬಂಧ ಇಲ್ಲ. ಲ್ಯಾಂಡ್‌ಮಾರ್ಕ್‌ಗೆ ‘ಹೆಗ್ಗುರುತು’ ಅಂತ ಬರೆಯುತ್ತಾರೆ, ಆದರೆ ಪೆಟ್ರೋಲ್ ಬಂಕಿಗೆ ಹೆಗ್ಗುರುತು ಅಂದರೆ ಅದಕ್ಕೇ ನಾಚಿಕೆಯಾದೀತು. ಖೂನ ಚಿಕ್ಕದು, ಚೊಕ್ಕದು. ಬೇರೆ ಕಡೆಯವರು ಇದನ್ನು ಕೇಳಿದ್ದೀರಾ?

ಹಾಗೆ ನೋಡಿದರೆ ಖೂನದ ಮೇಲೆ ದಾರಿ ಹೇಳುವುದು ನಮ್ಮ ಜಿಲ್ಲೆಗೆ ಹಳೆಯ ವಿದ್ಯೆ. ಸೇಡಂ ರಸ್ತೆಯ ಮಳಖೇಡದಲ್ಲಿ, ಆಗಿನ ಮಾನ್ಯಖೇಟದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ತಿರುಳ್ಗನ್ನಡ ಎಲ್ಲಿದೆ ಅಂತ ಹೇಳಿದ್ದು ನಾಲ್ಕು ಊರಿನ ಹೆಸರಿಟ್ಟು: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಉಪಗ್ರಹವೂ ನಾಲ್ಕೇ ಬೇಕಲ್ವಾ! (ಸುಮ್ನೆ ಹೇಳಿದೆ, ಇದರ ಮೇಲೆ ಯಾರೂ ಲೇಖನ ಬರೆಯಬೇಡಿ.)

ಊರ ಹೆಸರುಗಳ ಗೋಳು ಬೇರೆಯೇ ಇದೆ. ಇಂಗ್ಲಿಷ್ ಅಕ್ಷರದಿಂದ ಓದುವ ದನಿಗೆ ಆಳಂದ ‘ಅಲ್ಯಾಂಡ್’, ಸೇಡಂ ‘ಸೆಡ್ಯಾಮ್’. ಗೆಳತಿಯೊಬ್ಬಳು ತನ್ನ ಹಳೆಯ ಡಬ್ಬಿ ಕೊಟ್ಟಿದ್ದಳು, ಅದರಲ್ಲಿ ಕಲಬುರಗಿ ಅನ್ನುವ ಊರೇ ಇಲ್ಲ. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಅದರ ಮ್ಯಾಪ್ ಅದಕ್ಕಿಂತ ಹಳೆಯದು, ಗುಲ್ಬರ್ಗಾ ಅಂತ ಹೊಡೆದ ಮೇಲೆ ಬಾಗಿಲು ತೆರೆಯಿತು. ಡಬ್ಬಿ ಕೊಳ್ಳುವವರು ಮ್ಯಾಪ್ ಹೊಸದು ಮಾಡಲು ದುಡ್ಡು ಕೇಳುತ್ತಾರಾ ಅಂತ ಮೊದಲೇ ವಿಚಾರಿಸಿ.

ಬೀದರ್ ಮುಟ್ಟಿದಾಗ ದನಿ “ನೀವು ನಿಮ್ಮ ಗಮ್ಯಸ್ಥಾನವನ್ನು ತಲುಪಿದ್ದೀರಿ” ಅಂದಿತು. ನಾವು ಊರನ್ನು ಮುಟ್ಟುತ್ತೇವೆ, ತಲುಪುವುದು ಕಾಗದ ಪತ್ರ. ಕಾಕಾ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ, ಸೀಟ್ ಬೆಲ್ಟ್ ಬಿಚ್ಚುತ್ತಾ “ಬಂತು ನೋಡ್ರಿ, ಇಳೀರಿ” ಅಂದರು, ಮೂವತ್ತು ವರ್ಷದ ರೂಢಿ.

ಬೀದರ್, ಯಾದಗಿರಿಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಗಾಡಿ ‘ಹೊಳ್ಳು’ತ್ತದೋ, ‘ತಿರುಗು’ತ್ತದೋ, ಇನ್ನೇನಾದರೂ ಮಾಡುತ್ತದೋ? ಹಳೆ ಮೈಸೂರಿನವರು ಹೇಳಿ, ‘ತಿರುಗಿ’ ನಿಮಗೆ ಎಂದಾದರೂ ಅರ್ಧ ಮಾತು ಅನ್ನಿಸಿದೆಯಾ? ಆ ಡಬ್ಬಿಗೊಂದು ಹೆಸರೂ ಬೇಕು, ಸ್ವಲ್ಪ ಬೇಗ, ಯಾಕೆಂದರೆ ಅಂಗಡಿಯವನು ಕನ್ನಡ ದನಿ ಇರುವುದನ್ನು ಹುಡುಕಿ ಶನಿವಾರ ತರಿಸುತ್ತೇನೆ ಅಂದಿದ್ದಾನೆ. ಮುಂಗಡ ಕೊಟ್ಟಾಗ ಅವನು ಹರಿದುಕೊಟ್ಟ ಚೀಟಿ ಈಗ ನನ್ನ ಮುಂದಿದೆ. ಅದರಲ್ಲಿ ಬರೆದದ್ದು: “ಮಾತಾಡೋ ಜಿಪಿಎಸ್ - 1.”