ಪದ್ಮಿನಿ ತಗೊಳ್ಳಲಾ, ಅಂಬಾಸಿಡರ್ ತಗೊಳ್ಳಲಾ?

ಹಾಸನದ ಹುಡುಗ:
ಎರಡು ಗಾಡಿ ನೋಡಿಟ್ಟಿದ್ದೀನಿ. ಒಂದು ಪ್ರೀಮಿಯರ್ ಪದ್ಮಿನಿ, ಇನ್ನೊಂದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಭಾನುವಾರ ಸಕಲೇಶಪುರದ ತನಕ ಹೋಗಿಬರೋಕೆ. ಜೊತೆಗೆ ಅಪ್ಪ, ಅವರಿಗೆ ಮೊಣಕಾಲು ನೋವು. ಯಾವುದು ವಾಸಿ?

ಹಳೇ ಸ್ಪ್ಯಾನರ್:
ಎರಡನ್ನೂ ಸಾಕಿದವನು ನಾನು. ಓಡಿಸೋ ಖುಷಿ ಬೇಕಂದ್ರೆ ಪದ್ಮಿನಿ. ಇಂಜಿನ್ 1089 ಸಿಸಿ ಅಷ್ಟೇ, ಆದ್ರೆ ಗಾಡಿ ಹಗುರ. ಸ್ಟೀರಿಂಗ್ ಪಕ್ಕದ ಗೇರ್ ಒಮ್ಮೆ ಕೈಗೆ ಹತ್ತಿದ್ರೆ ಬೇರೆ ಗಾಡಿ ರುಚಿಸಲ್ಲ. ಅಂಬಾಸಿಡರ್‌ಗೆ ಅವಸರ ಅನ್ನೋದೇ ಗೊತ್ತಿಲ್ಲ; ಐದು ಜನ, ಎರಡು ಮೂಟೆ ಹೇರಿದ್ರೂ ಅದೇ ನಡಿಗೆ.

ಖರ್ಚಿನ ಮಾತು ಬೇರೆ. ಅಂಬಾಸಿಡರ್ 2014ರವರೆಗೂ ತಯಾರಾಯ್ತು, ಸಾಮಾನು ಸಿಗುತ್ತೆ. ಪದ್ಮಿನಿ ನಿಂತು ಎರಡು ದಶಕ ದಾಟಿತು. ಒಂದು ಬಾಗಿಲಿನ ರಬ್ಬರ್‌ಗೆ ನಾನು ಮೂರು ತಿಂಗಳು ಗುಜರಿ ಅಲೆದಿದ್ದೀನಿ. ಗ್ರೀಸ್ ಎರಡಕ್ಕೂ ತಪ್ಪದೆ ಹೊಡೆಸಬೇಕು. ಒಮ್ಮೆ ರೇಡಿಯೇಟರ್ ನೀರು ನೋಡದೆ ಹೊರಟು ಆಲೂರಿನ ಹತ್ರ ಹಬೆ ಎಬ್ಬಿಸಿದ್ದೆ, ತಪ್ಪು ಪೂರ್ತಿ ನನ್ನದೇ.

ಮಳೆನಾಡು:
ಪೇಂಟ್ ನೋಡಿ ಮರುಳಾಗಬೇಡಿ. ಕಾಲಡಿಯ ಮ್ಯಾಟ್ ಎತ್ತಿ, ತಗಡು ಕುಟ್ಟಿ ನೋಡಿ. ಎರಡಕ್ಕೂ ಬಾಡಿಯೇ ಆಧಾರ, ತುಕ್ಕು ಹಿಡಿದಿದ್ರೆ ಇಂಜಿನ್ ಕೆಲಸಕ್ಕಿಂತ ತಗಡಿನ ಕೆಲಸ ದುಬಾರಿ. ಆರ್‌ಸಿ ನವೀಕರಣ ಆಗಿದೆಯಾ ಅಂತಲೂ ಕೇಳಿ.

ಹಳೇ ಸ್ಪ್ಯಾನರ್:
ಅಪ್ಪಾಜಿ ಮೊಣಕಾಲು ಮರೆತೇಬಿಟ್ಟಿದ್ದೆ! ಅಂಬಾಸಿಡರ್ ಸೀಟು ಸೋಫಾ ಇದ್ದಂಗೆ, ಬಗ್ಗದೆ ಕೂರಬಹುದು. ಅದನ್ನೇ ತಗೊಳ್ಳಿ. ಪದ್ಮಿನಿ ಮಾಲೀಕರ ನಂಬರ್ ಮಾತ್ರ ನನಗೆ ಕಳ್ಸಿ.