'ಫೌಂಡ್ ಇಮೇಜ್' ಅಂದ್ರೆ ಸಿಕ್ಕಿದ ಚಿತ್ರವೋ, ಹೆಕ್ಕಿದ ಚಿತ್ರವೋ?

ಎಲ್ರಿಗೂ ನಮಸ್ಕಾರ. ಕಲಾವಿದರು ತಾವೇ ಬರೀದೆ, ಬೇರೆಲ್ಲೋ ಮೊದ್ಲೇ ಇದ್ದ ಚಿತ್ರಾನ ಎತ್ಕೊಂಡು ತಮ್ಮ ಕೃತಿಲಿ ಬಳಸಿದ್ರೆ ಅದಕ್ಕೆ ಇಂಗ್ಲಿಷಲ್ಲಿ 'ಫೌಂಡ್ ಇಮೇಜ್' ಅಂತಾರೆ, ಅದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಿತ್ತು, ಸ್ವಲ್ಪ ಅರ್ಜೆಂಟು. ಬಸವನಗುಡಿಲಿ ನಾವು ನಾಲ್ಕು ಜನ ಸೇರ್ಕೊಂಡು ಚಿಕ್ಕದೊಂದು ಪ್ರದರ್ಶನ ಮಾಡ್ತಿದೀವಿ, ಎಲ್ಲಾ ಮನೆ ಸಾಮಾನಿಂದ ಮಾಡಿರೋದೇ, ಹಳೇ ಲಗ್ನಪತ್ರಿಕೆ, ಊದುಬತ್ತಿ ಪ್ಯಾಕೆಟ್ಟು, ಬೆಂಕಿಪೊಟ್ಟಣದ ಲೇಬಲ್ಲು, ದೇವರ ಕ್ಯಾಲೆಂಡರು, ಗುಜರಿಲಿ ಬಿದ್ದಿದ್ದ ಯಾರ್ದೋ ಮನೆ ಫೋಟೋಗಳು. ಪಕ್ಕದಲ್ಲಿ ಅಂಟಿಸೋ ಚೀಟಿ ಕನ್ನಡದಲ್ಲೇ ಇರ್ಬೇಕು ಅಂತ ನಾನು ಹಟ ಹಿಡಿದಿದೀನಿ.

ಕೊಲಾಜ್‌ಗೆ ತೊಂದ್ರೆ ಇಲ್ಲ. ಫ್ರೆಂಚಲ್ಲೂ ಆ ಪದ ಅಂಟಿಸೋದು ಅನ್ನೋ ಕ್ರಿಯಾಪದದಿಂದಾನೇ ಹುಟ್ಟಿದ್ದು, ಪಿಕಾಸೊ 1912ರಲ್ಲಿ ಬೆತ್ತದ ಕುರ್ಚಿ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ ತುಂಡನ್ನ ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ್ನಲ್ಲ, ಅದಕ್ಕೆ 'ಅಂಟುಚಿತ್ರ' ಅಂದ್ರೆ ಸರಿಯಾಗೇ ಕೂರತ್ತೆ. ದ್ಯೂಶಾಂ ಅನ್ನೋ ಫ್ರೆಂಚ್ ಕಲಾವಿದ 1917ರಲ್ಲಿ ಒಂದು ಮೂತ್ರದ ಬೇಸಿನ್ನನ್ನೇ ಕಲಾಕೃತಿ ಅಂತ ಪ್ರದರ್ಶನಕ್ಕೆ ಕಳಿಸಿದ್ನಲ್ಲ, ಆ ಥರದ್ದಕ್ಕೆ 'ರೆಡಿಮೇಡ್' ಅಂತ ಹಾಕಿದ್ರೆ ನಮ್ಮೂರಲ್ಲಿ ಎಲ್ರೂ ಬಟ್ಟೆ ಅಂಗಡಿ ಅನ್ಕೋತಾರೆ, ಅದಕ್ಕೇ 'ಸಿದ್ಧವಸ್ತು' ಅಂತ ಬರ್ದಿದೀನಿ.

ಸಿಕ್ಕಾಕ್ಕೊಂಡಿರೋದು 'ಫೌಂಡ್' ಹತ್ರ. 'ಸಿಕ್ಕಿದ ಚಿತ್ರ' ಅಂದ್ರೆ ದಾರೀಲಿ ಹೋಗ್ತಾ ಕಾಲಿಗೆ ತಗುಲಿದ ಹಾಗೆ ಕೇಳ್ಸತ್ತೆ, ಕಲಾವಿದರದ್ದು ಏನೂ ಕೆಲ್ಸಾನೇ ಇಲ್ವೇನೋ ಅನ್ನೋ ಹಾಗೆ. ಬೆಂಗಳೂರಲ್ಲೇ ಇರೋ ಕಲಾವಿದೆ ಶೀಲಾ ಗೌಡ ಅವ್ರು ಸಗಣಿ, ಕುಂಕುಮ, ಸೂಜಿ ದಾರ, ದೃಷ್ಟಿ ಆಗ್ದಿರ್ಲಿ ಅಂತ ಗಾಡಿ ಬಂಪರಿಗೆ ಕಟ್ಟೋ ಕೂದಲ ಹಗ್ಗ ಇದರಲ್ಲೆಲ್ಲಾ ಕೃತಿ ಮಾಡಿದಾರೆ, ನಾವೆಲ್ಲಾ ದಿನಾ ನೋಡೋ ವಸ್ತುಗಳೇ, ಆದ್ರೆ ಇದೇ ಬೇಕು ಅಂತ ಅವ್ರು ಕಣ್ಣಿಟ್ಟು ತಗೊಂಡಿದ್ದು. ಆ ಕಣ್ಣು ಪದದಲ್ಲಿ ಬರ್ಬೇಕು.

'ಆರಿಸಿದ' ಅಂತ ಯೋಚ್ನೆ ಮಾಡ್ದೆ. ಆದ್ರೆ ನಮ್ಮನೇಲಿ ಅಕ್ಕಿ ಆರಿಸೋದು ಅಂದ್ರೆ ಕೈಗೆ ತಗೊಂಡ ಕಲ್ಲನ್ನ ಬಿಸಾಕೋದು, ಮೊರದಲ್ಲಿ ಉಳಿಯೋದು ಅಕ್ಕಿ. ಇಲ್ಲಿ ಪೂರ್ತಿ ಉಲ್ಟಾ, ಜನ ಬಿಸಾಕಿದ್ದನ್ನೇ ಎತ್ತಿಟ್ಕೊಳ್ಳೋದು. 'ಆಯ್ದ' ಹತ್ರ ಬರತ್ತೆ, ಚಿಂದಿ ಆಯೋರು ಅಂತೀವಲ್ಲ, ಆದ್ರೆ 'ಆಯ್ದ ಚಿತ್ರಗಳು' ಅಂದ ತಕ್ಷಣ 'ಆಯ್ದ ಕವಿತೆಗಳು' ಥರ ಯಾರೋ ಒಳ್ಳೇವನ್ನ ಸೋಸಿ ಕೊಟ್ಟಿರೋ ಸಂಕಲನದ ಹೆಸರಾಗ್ಬಿಡತ್ತೆ. ಹಾಗಾಗಿ 'ಹೆಕ್ಕು'. ಅಂಗಳದಲ್ಲಿ ಚೆಲ್ಲಿದ ಅಡಿಕೆ ಹೆಕ್ಕೋದ್ರಲ್ಲಿ ಬಗ್ಗೋದೂ ಇದೆ, ಒಂದೊಂದೇ ನೋಡೋದೂ ಇದೆ, ಹೆಕ್ಕಿದ್ದು ಬುಟ್ಟಿಗೇ ಹೋಗತ್ತೆ. 'ಹೆಕ್ಕಿದ ಚಿತ್ರ', 'ಹೆಕ್ಕಿದ ವಸ್ತು', ನನಗಂತೂ ತುಂಬಾ ಹಿಡಿಸಿದೆ.

ನಮ್ಮ ಜೊತೆ ಇರೋ ಧಾರವಾಡದ ಗೆಳತಿ ಎಲ್ಲಕ್ಕೂ 'ಕೌದಿ' ಅಂತಾನೇ ಕರಿ ಅಂತಾಳೆ. ಚೆಂದದ ಪದ, ಆದ್ರೆ ಕೌದಿ ಹೊಲಿಯೋದು, ಅಂಟಿಸೋದಲ್ಲ, ಹಾಗಾಗಿ ಅವಳ ಹಳೇ ಸೀರೆ ತುಂಡಿನ ಕೃತಿಗೆ ಮಾತ್ರ ಅದನ್ನ ಇಟ್ಕೊಂಡಿದೀನಿ.

ಈಗ ನನ್ನ ಪ್ರಶ್ನೆ. ಮಲೆನಾಡು ಕರಾವಳಿ ಕಡೆಯೋರಿಗೆ 'ಹೆಕ್ಕು' ಮನೆ ಮಾತು, ಆದ್ರೆ ಮೈಸೂರು, ಮಂಡ್ಯ, ಕೋಲಾರದ ಕಡೆ ಮನೇಲಿ ಹೀಗೆ ಅಂತೀರಾ, ಅಥ್ವಾ ಕೋಳಿ ಕಾಳು ಹೆಕ್ಕೋದು ಮಾತ್ರ ನೆನಪಾಗತ್ತಾ? ಕಲಬುರಗಿ ಬೀದರ್ ಕಡೆ ಇದಕ್ಕೆ ಬೇರೆ ಪದ ಇದ್ರೆ ದಯವಿಟ್ಟು ಅದನ್ನೂ ಹೇಳಿ. ಶುಕ್ರವಾರ ಚೀಟಿಗಳು ಪ್ರಿಂಟಿಗೆ ಹೋಗತ್ವೆ.